ನೆಲದ ಮೇಲೆ ಯುದ್ಧ ಆಡಿದ ಲೇಖಕ: ಎಚ್.ಜಿ. ವೆಲ್ಸ್

ಎಚ್.ಜಿ. ವೆಲ್ಸ್ ಎಂದೊಡನೆ ನಮಗೆ ನೆನಪಾಗುವುದು ಕಾಲಯಂತ್ರ, ಅದೃಶ್ಯ ಮನುಷ್ಯ ಮತ್ತು ಮಂಗಳ ಗ್ರಹದಿಂದ ಭೂಮಿಗೆ ದಾಳಿ ಇಡುವ ಜೀವಿಗಳು. ಇದೇ ಲೇಖಕರು ಮನೆಯ ನೆಲದ ಮೇಲೆ ಆಟಿಕೆ ಸೈನಿಕರನ್ನು ನಿಲ್ಲಿಸಿ ಯುದ್ಧದ ಆಟ ಆಡುತ್ತಿದ್ದರು, ಆ ಆಟಕ್ಕೆ ನಿಯಮಗಳನ್ನು ಬರೆದು ಒಂದು ಪುಸ್ತಕವನ್ನೇ ಪ್ರಕಟಿಸಿದರು ಎಂಬುದು ಹಲವರಿಗೆ ತಿಳಿದಿಲ್ಲ. ಇಂದು ಮೇಜಿನ ಮೇಲೆ ವಾಟರ್‌ಲೂವಿನಂತಹ ಯುರೋಪಿನ ಹಳೆಯ ಕದನಗಳನ್ನು ಮತ್ತೆ ಆಡುವ ಹವ್ಯಾಸಿಗಳು ವೆಲ್ಸ್ ಅವರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ.

ಹರ್ಬರ್ಟ್ ಜಾರ್ಜ್ ವೆಲ್ಸ್ 1866ರ ಸೆಪ್ಟೆಂಬರ್ 21ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರೋಮ್ಲಿಯಲ್ಲಿ ಜನಿಸಿದರು. ತಂದೆ ಜೋಸೆಫ್ ಪಿಂಗಾಣಿ ಸಾಮಾನುಗಳ ಸಣ್ಣ ಅಂಗಡಿ ಇಟ್ಟಿದ್ದರು. ಅವರು ಒಳ್ಳೆಯ ಕ್ರಿಕೆಟ್ ಬೌಲರ್ ಕೂಡ ಹೌದು. ಅಂಗಡಿಯ ವ್ಯಾಪಾರ ಮಾತ್ರ ಅಷ್ಟಕ್ಕಷ್ಟೆ. ಏಳನೆಯ ವಯಸ್ಸಿನಲ್ಲಿ ಬಾಲಕ ವೆಲ್ಸ್ ಕಾಲು ಮುರಿದುಕೊಂಡು ಹಾಸಿಗೆ ಹಿಡಿದರು. ತಂದೆ ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳು ಆಗ ಅವರ ಸಂಗಾತಿಗಳಾದವು. ಓದಿನ ರುಚಿ ಹತ್ತಿದ್ದು ಹಾಗೆ. ಹತ್ತು ಹನ್ನೆರಡರ ಪ್ರಾಯದಲ್ಲಿ ಊರ ದಾರಿಯಲ್ಲಿ ಒಬ್ಬರೇ ನಡೆಯುವಾಗ ತಾನೊಬ್ಬ ಮಹಾ ಸೇನಾಪತಿ ಎಂದು ಕಲ್ಪಿಸಿಕೊಂಡು, ಮನಸ್ಸಿನಲ್ಲೇ ಸೈನ್ಯ ನಡೆಸಿ ಗೆಲ್ಲುತ್ತಿದ್ದರು.

ತಂದೆಗೆ ಅಪಘಾತವಾಗಿ ಸಂಸಾರದ ಸ್ಥಿತಿ ಇನ್ನಷ್ಟು ಕೆಟ್ಟಿತು. ತಾಯಿ ಸಾರಾ ಶ್ರೀಮಂತರ ಬಂಗಲೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮಗನನ್ನು ಬಟ್ಟೆ ಅಂಗಡಿಗೆ ಹಾಕಿದರು. ದಿನಕ್ಕೆ ಹದಿಮೂರು ಗಂಟೆಗಳ ದುಡಿಮೆ. ಒಂದು ದಿನ ಸಹಿಸಲಾಗದೆ ವೆಲ್ಸ್ ಸುಮಾರು 17 ಮೈಲಿ ನಡೆದು ತಾಯಿಯ ಬಳಿಗೆ ಹೋಗಿ, ಇನ್ನು ಆ ಅಂಗಡಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದರು. ಮುಂದೆ ಒಂದು ಶಾಲೆಯಲ್ಲಿ ಕಲಿಸುತ್ತಲೇ ತಾವೂ ಕಲಿತು, 1884ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ವಿಜ್ಞಾನ ಕಾಲೇಜು ಸೇರಿದರು. ಅಲ್ಲಿ ಅವರಿಗೆ ಜೀವವಿಜ್ಞಾನ ಕಲಿಸಿದವರು ಪ್ರಸಿದ್ಧ ವಿಜ್ಞಾನಿ ಥಾಮಸ್ ಹಕ್ಸ್ಲಿ. ಆದರೂ ಕೊನೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಅಷ್ಟಕ್ಕೇ ಕೈಚೆಲ್ಲದೆ, 1890ರಲ್ಲಿ ಬಿ.ಎಸ್ಸಿ. ಪದವಿ ಪಡೆದರು. 1895ರಲ್ಲಿ ಬಂದ ಕಾಲಯಂತ್ರದ ಕಾದಂಬರಿ ಅವರಿಗೆ ಹೆಸರು ತಂದಿತು.

ಸ್ಯಾಂಡ್‌ಗೇಟ್ ಎಂಬ ಸಮುದ್ರತೀರದ ಊರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದ ದಿನಗಳಲ್ಲಿ ಅವರಿಗೆ ಇಬ್ಬರು ಗಂಡುಮಕ್ಕಳಾದರು. ಮಕ್ಕಳೊಂದಿಗೆ ನೆಲದ ಮೇಲೆ ಕುಳಿತು ಆಡುವುದೆಂದರೆ ಅವರಿಗೆ ಬಲು ಇಷ್ಟ. ಒಮ್ಮೆ ಊಟದ ನಂತರ, ಮನೆಗೆ ಬಂದ ಗೆಳೆಯರೊಬ್ಬರು ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಸೈನಿಕನೊಬ್ಬನನ್ನು ಹೊಡೆದು ಉರುಳಿಸಿದರು. ಅಲ್ಲಿಂದ ಆಟ ಬೆಳೆಯಿತು. ಮರದ ತುಂಡುಗಳು ಮನೆಗಳಾದವು, ರೆಂಬೆಗಳು ಕಾಡಾದವು. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ ಚಲಿಸಬಹುದು. ಫಿರಂಗಿ ಹಾರಿಸಲು ಅದರ ಬಳಿ ನಾಲ್ವರು ಸೈನಿಕರಾದರೂ ಇರಬೇಕು. ಪ್ರತಿ ಸರದಿಗೂ ಗಡಿಯಾರ ನೋಡಿ ಸಮಯದ ಮಿತಿ. ಈ ನಿಯಮಗಳೆಲ್ಲ ಸೇರಿ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾಯಿತು.

ಯುದ್ಧದ ಆಟ ಅದಕ್ಕೂ ಹಿಂದೆ ಇತ್ತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ನಕ್ಷೆ ಮತ್ತು ದಾಳಗಳಿಂದ ಆಡುವ ಆಟವನ್ನು ತಮ್ಮ ಸೈನ್ಯಕ್ಕೆ ಒಪ್ಪಿಸಿದ್ದರು. ಅದರ ಗುರಿ ಅಧಿಕಾರಿಗಳನ್ನು ನಿಜವಾದ ಯುದ್ಧಕ್ಕೆ ಸಿದ್ಧಗೊಳಿಸುವುದು. ವೆಲ್ಸ್ ಅವರ ಆಟ ಮನೆಮಂದಿಗಾಗಿ. ಅದರಿಂದ ಅವರು ಕಂಡುಕೊಂಡದ್ದು ಬೇರೆಯೇ. ಕೆಲವೇ ಆಟಿಕೆಗಳನ್ನು ನಡೆಸುವಾಗಲೂ ಲೆಕ್ಕ ತಪ್ಪುತ್ತದೆ, ಅವಸರದಲ್ಲಿ ದಳವೊಂದು ಸುಮ್ಮನೆ ನಾಶವಾಗುತ್ತದೆ. ಹಾಗಿರುವಾಗ ಲಕ್ಷಾಂತರ ಜೀವಗಳನ್ನು ಹಿಡಿದು ಆಡುವ ಮಹಾಯುದ್ಧ ಎಷ್ಟು ದೊಡ್ಡ ಎಡವಟ್ಟಾಗಬಹುದು? ಯುದ್ಧ ಬೇಕೆನ್ನುವವರು ಆಟಿಕೆಗಳಿಂದಲೇ ತಮ್ಮ ಆಸೆ ತೀರಿಸಿಕೊಳ್ಳಲಿ ಎಂಬುದು ಆ ಪುಸ್ತಕದ ಕೊನೆಯ ಮಾತಿನ ಸಾರ.

ಮರುವರ್ಷವೇ, 1914ರಲ್ಲಿ, ಯುರೋಪಿನಲ್ಲಿ ನಿಜವಾದ ಮಹಾಯುದ್ಧ ಶುರುವಾಯಿತು. ಇಲ್ಲಿ ವೆಲ್ಸ್ ಅವರ ಬಾಳಿನ ವಿಚಿತ್ರ ತಿರುವು. ಆಟದಿಂದ ಅಷ್ಟೆಲ್ಲ ಅರಿತವರೇ ಬ್ರಿಟನ್ನಿನ ಯುದ್ಧವನ್ನು ಬೆಂಬಲಿಸಿ ಬರೆದರು. ಈ ಯುದ್ಧವೇ ಮುಂದಿನ ಯುದ್ಧಗಳಿಗೆ ಕೊನೆ ಹಾಡುತ್ತದೆ ಎಂದು ನಂಬಿದರು, ಓದುಗರನ್ನೂ ನಂಬಿಸಿದರು. ಆ ನಂಬಿಕೆ ಸುಳ್ಳಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವರು ರಾಷ್ಟ್ರಗಳು ಒಂದಾಗಿ ಶಾಂತಿ ಕಾಯುವ ವ್ಯವಸ್ಥೆಗಾಗಿ ಬರೆಯತೊಡಗಿದ್ದರು. ಒಂದೊಂದು ದೇಶದ ಹೆಗ್ಗಳಿಕೆ ಕಲಿಸುವ ಬದಲು ಇಡೀ ಮನುಕುಲದ ಕಥೆ ಕಲಿಸಬೇಕೆಂದು ಜಗತ್ತಿನ ಇತಿಹಾಸವನ್ನು ಬರೆದು 1920ರಲ್ಲಿ ಪ್ರಕಟಿಸಿದರು. 1940ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮಾನವ ಹಕ್ಕುಗಳ ಕುರಿತು ಪುಸ್ತಕ ಬರೆದರು.

1914ರಲ್ಲೇ ಬಂದ ಅವರ ಒಂದು ಕಾದಂಬರಿಯಲ್ಲಿ ಅಣುಬಾಂಬಿನ ಕಲ್ಪನೆ ಇತ್ತು. 1945ರ ಆಗಸ್ಟ್‌ನಲ್ಲಿ ಹಿರೋಷಿಮಾದ ಮೇಲೆ ಅದು ನಿಜವಾಗಿಯೇ ಬಿದ್ದುದನ್ನು ಅವರು ಬದುಕಿದ್ದಾಗಲೇ ಕಾಣಬೇಕಾಯಿತು. ಮರುವರ್ಷ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ಆಟ ಮಾತ್ರ ಬೆಳೆಯಿತು. 1962ರಲ್ಲಿ ಅಮೆರಿಕದ ಕಂಪನಿಯೊಂದು ವಾಟರ್‌ಲೂ ಕದನವನ್ನೇ ಹಲಗೆಯ ಆಟವಾಗಿ ಮಾರುಕಟ್ಟೆಗೆ ತಂದಿತು. ನೆಪೋಲಿಯನ್ ಮಾಡಿದ ತಪ್ಪನ್ನು ಮಾಡದೆ ಗೆಲ್ಲಬಹುದೇ ಎಂದು ಜನ ಇಂದಿಗೂ ಆಡಿ ನೋಡುತ್ತಾರೆ. ಇತಿಹಾಸ ಕಲಿಯಲು ಅದೂ ಒಂದು ದಾರಿಯೇ.

ಗೆಳೆಯರೇ, ಇಂದು ಯುದ್ಧದ ಆಟ ನಮ್ಮ ಮೊಬೈಲಿಗೂ ಬಂದಿದೆ. ವೆಲ್ಸ್ ಅವರ ಮನೆಯಲ್ಲಿ ಆಟ ಮುಗಿದ ಮೇಲೆ ಸತ್ತ ಸೈನಿಕರೂ ಬದುಕಿದವರೂ ಒಂದೇ ಪೆಟ್ಟಿಗೆಗೆ ಮರಳುತ್ತಿದ್ದರು, ಮರುದಿನ ಮತ್ತೆ ಎದ್ದು ನಿಲ್ಲುತ್ತಿದ್ದರು. ನಿಜವಾದ ಯುದ್ಧದಲ್ಲಿ ಹಾಗೆ ಎದ್ದು ಬರುವವರು ಯಾರೂ ಇಲ್ಲ. ಇದನ್ನು ಚೆನ್ನಾಗಿ ಬಲ್ಲ ವೆಲ್ಸ್ ಅವರೂ ಯುದ್ಧದ ಕಾವಿನಲ್ಲಿ ಒಮ್ಮೆ ಮರೆತರು. ನಾವು ಮರೆಯದಿರೋಣ.