ಎರಡು ಕಿವಿಗಳ ಲೆಕ್ಕ ಬಿಡಿಸಿದ ಇಂಜಿನಿಯರ್ ಅಲನ್ ಬ್ಲೂಮ್ಲೈನ್

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂತಹ ಊರುಗಳಿಗೂ ಇಂದು ಕಂಪ್ಯೂಟರ್ ಆಟಗಳು ಹೊಸತಲ್ಲ. ಪರದೆಯ ಮೇಲಿನ ಕಾರು ಎಡದಿಂದ ಬಲಕ್ಕೆ ಹಾದುಹೋದರೆ ಅದರ ಸದ್ದೂ ಎಡದಿಂದ ಬಲಕ್ಕೆ ಸಾಗಬೇಕು. ಶತ್ರುವಿನ ಹೆಜ್ಜೆ ಸಪ್ಪಳ ಬೆನ್ನ ಹಿಂದಿದ್ದರೆ ಹಿಂದಿನಿಂದಲೇ ಕೇಳಬೇಕು. ಇದಕ್ಕಾಗಿ ಆಟಪ್ರಿಯರು ಐದು ಸ್ಪೀಕರ್ ಹಾಗೂ ಒಂದು ಸಬ್‌ವೂಫರ್ ತಂದು ಮೇಜಿನ ಸುತ್ತ ಜೋಡಿಸುತ್ತಾರೆ. ಹಾಗೆ ಜೋಡಿಸುವವರಲ್ಲಿ ಹೆಚ್ಚಿನವರು ಕೇಳಿರದ ಹೆಸರು ಅಲನ್ ಡೋವರ್ ಬ್ಲೂಮ್ಲೈನ್. ಒಂದಕ್ಕಿಂತ ಹೆಚ್ಚು ಸ್ಪೀಕರ್‌ಗಳ ನೆರವಿನಿಂದ ಶಬ್ದಕ್ಕೆ ದಿಕ್ಕು ನೀಡುವ ವಿದ್ಯೆಗೆ 1931ರಲ್ಲಿ ಗಟ್ಟಿಯಾದ ಬುನಾದಿ ಹಾಕಿದ ಈ ಬ್ರಿಟಿಷ್ ಇಂಜಿನಿಯರ್ 38ನೇ ವಯಸ್ಸಿನಲ್ಲಿಯೇ ವಿಮಾನ ಅಪಘಾತಕ್ಕೆ ಬಲಿಯಾದರು. ಯುದ್ಧಕಾಲದ ಗೋಪ್ಯತೆಯು ಅವರ ಸಾವಿನೊಂದಿಗೆ ಅವರ ಹೆಸರನ್ನೂ ಬಹುಕಾಲ ಮರೆಮಾಡಿತು.

ಓದು ಬಾರದ ಬಾಲಕ

ಬ್ಲೂಮ್ಲೈನ್ ಜನಿಸಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಬ್ಲೂಮ್ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದ ಗಣಿ ಇಂಜಿನಿಯರ್. ತಾಯಿ ಜೆಸ್ಸಿ ಡೋವರ್ ದಕ್ಷಿಣ ಆಫ್ರಿಕಾದಲ್ಲಿ ಸೇವೆ ಸಲ್ಲಿಸಿದ ಪಾದ್ರಿಯೊಬ್ಬರ ಮಗಳು. ಏಳನೇ ವಯಸ್ಸಿನಲ್ಲಿ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿದ ಬಾಲಕ, ಅದಕ್ಕೆ ವಿದ್ಯುತ್ ಇಂಜಿನಿಯರನ ಹೆಸರಿನಲ್ಲಿಯೇ ತಂದೆಗೆ ಬಿಲ್ಲು ನೀಡಿದ್ದನೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಆದರೆ ಹನ್ನೆರಡು ವರ್ಷ ತುಂಬುವವರೆಗೂ ಆತನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಗಣಿತದಲ್ಲಿ ಮಾತ್ರ ಆತನ ಬುದ್ಧಿ ಚುರುಕಾಗಿ ಓಡುತ್ತಿತ್ತು.

ಹೈಗೇಟ್ ಶಾಲೆಯ ನಂತರ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜು ಸೇರಿದ ಬ್ಲೂಮ್ಲೈನ್, 1923ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. 1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಉದ್ಯೋಗಕ್ಕೆ ಸೇರಿ, ದೂರದ ಟೆಲಿಫೋನ್ ತಂತಿಗಳಲ್ಲಿ ಒಂದು ಸಂಭಾಷಣೆ ಮತ್ತೊಂದರೊಳಗೆ ಬೆರೆಯುವ ತೊಂದರೆಯನ್ನು ತಗ್ಗಿಸುವ ಕೆಲಸದಲ್ಲಿ ತೊಡಗಿದರು. ಮನುಷ್ಯನ ಕಿವಿ ಯಾವ ಸ್ವರವನ್ನು ಎಷ್ಟು ಪ್ರಮಾಣದಲ್ಲಿ ಗ್ರಹಿಸುತ್ತದೆ ಎಂಬುದನ್ನು ಅಳೆಯುವ ಪ್ರಯೋಗಗಳನ್ನೂ ಅವರು ಇಲ್ಲಿಯೇ ನಡೆಸಿದರು. ಮುಂದಿನ ಸಾಧನೆಗೆ ಈ ಅನುಭವವೇ ಮೆಟ್ಟಿಲಾಯಿತು.

1929ರಲ್ಲಿ ಅವರು ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಬಂದರು. ಆಗ ಧ್ವನಿಮುದ್ರಿಕೆಯ ತಟ್ಟೆಗಳನ್ನು ಕೊರೆಯುವ ವಿದ್ಯುತ್ ಯಂತ್ರದ ಪೇಟೆಂಟ್ ಅಮೆರಿಕದ ಬೆಲ್ ಬಳಗದ ಕೈಯಲ್ಲಿತ್ತು. ಮುದ್ರಿಕೆಗಳ ಮೇಲೆ ಕಂಪನಿಯು ಅವರಿಗೆ ರಾಜಧನ ತೆರಬೇಕಿತ್ತು. ಮುಖ್ಯಸ್ಥರಾದ ಐಸಾಕ್ ಶೋನ್‌ಬರ್ಗ್ ಈ ಹೊರೆಯಿಂದ ಬಿಡುಗಡೆ ಬಯಸಿದ್ದರು. ಬ್ಲೂಮ್ಲೈನ್ ಮತ್ತು ಸಂಗಡಿಗರು ಆ ಪೇಟೆಂಟಿನ ವ್ಯಾಪ್ತಿಗೆ ಒಳಪಡದ ಹೊಸ ಯಂತ್ರವನ್ನೇ ರೂಪಿಸಿದರು. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮೊಫೋನ್ ಕಂಪನಿಗಳು ಒಂದುಗೂಡಿ ಇಎಂಐ ಸಂಸ್ಥೆಯಾಯಿತು. ಲಂಡನ್ ಹೊರವಲಯದ ಹೇಯ್ಸ್‌ನಲ್ಲಿದ್ದ ಅದರ ಪ್ರಯೋಗಾಲಯವು ಬ್ಲೂಮ್ಲೈನ್ ಅವರ ಕರ್ಮಭೂಮಿಯಾಯಿತು.

ಚಿತ್ರಮಂದಿರದಲ್ಲಿ ಹುಟ್ಟಿದ ಪ್ರಶ್ನೆ

ಅದು ಮಾತನಾಡುವ ಚಿತ್ರಗಳ ಆರಂಭದ ಕಾಲ. 1931ರಲ್ಲಿ, ಮುಂದೆ ತಮ್ಮ ಪತ್ನಿಯಾದ ಡೊರೀನ್ ಅವರೊಂದಿಗೆ ಬ್ಲೂಮ್ಲೈನ್ ಚಿತ್ರಮಂದಿರಕ್ಕೆ ಹೋಗಿದ್ದರು. ನಟ ಪರದೆಯ ಒಂದು ಅಂಚಿನಲ್ಲಿದ್ದರೂ ಆತನ ದನಿ ಬೇರೊಂದು ಕಡೆಯಿಂದ ಬರುತ್ತಿತ್ತು. ಕಣ್ಣಿಗೂ ಕಿವಿಗೂ ಹೊಂದಿಕೆಯಾಗದ ಈ ಕೊರತೆಯನ್ನು ನೀಗುವ ಉಪಾಯ ತಮ್ಮಲ್ಲಿದೆಯೆಂದು ಅವರು ಡೊರೀನ್ ಅವರಿಗೆ ತಿಳಿಸಿದರಂತೆ. ಅದೇ ವರ್ಷದ ಡಿಸೆಂಬರ್ 14ರಂದು ಅವರು ಸಲ್ಲಿಸಿದ ಪೇಟೆಂಟ್ ಅರ್ಜಿಗೆ 1933ರ ಜೂನ್‌ನಲ್ಲಿ ಮನ್ನಣೆ ದೊರೆಯಿತು. 394325 ಸಂಖ್ಯೆಯ ಆ ಪತ್ರದಲ್ಲಿ 70 ಹಕ್ಕುಬೇಡಿಕೆಗಳಿದ್ದವು.

ಅದರ ತಿರುಳು ಸರಳವಾದುದು. ಶಬ್ದ ಒಂದು ಪಕ್ಕದಿಂದ ಬಂದಾಗ ಆ ಬದಿಯ ಕಿವಿಯನ್ನು ಮೊದಲು ತಲುಪುತ್ತದೆ, ಇನ್ನೊಂದು ಕಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಗಡುಸಾದ ತಗ್ಗುಸ್ವರಗಳ ದಿಕ್ಕನ್ನು ಮೆದುಳು ಮುಖ್ಯವಾಗಿ ಈ ಕಾಲವ್ಯತ್ಯಾಸದಿಂದ ಗುರುತಿಸಿದರೆ, ಕೀರಲಾದ ಏರುಸ್ವರಗಳ ದಿಕ್ಕನ್ನು ಎರಡು ಕಿವಿಗಳಿಗೆ ಬೀಳುವ ಶಬ್ದದ ಬಲದಲ್ಲಿರುವ ವ್ಯತ್ಯಾಸದಿಂದ ಗುರುತಿಸುತ್ತದೆ. ತಲೆಯೇ ಅಡ್ಡವಾಗಿ ನಿಂತು ಆಚೆಯ ಕಿವಿಗೆ ನೆರಳಾಗುವುದು ಇದಕ್ಕೆ ಕಾರಣ.

ಆದರೆ ಎದುರಿಗಿಟ್ಟ ಎರಡು ಸ್ಪೀಕರ್‌ಗಳ ಸದ್ದನ್ನೂ ಎರಡು ಕಿವಿಗಳೂ ಕೇಳುತ್ತವೆ. ತೊಡಕು ಇದ್ದುದೇ ಇಲ್ಲಿ. ಸ್ಪೀಕರ್‌ಗಳ ನಡುವೆ ಬಲದ ವ್ಯತ್ಯಾಸವನ್ನಷ್ಟೇ ಉಂಟುಮಾಡಿದರೂ ಕಿವಿಯ ಬಳಿ ಆ ಸದ್ದುಗಳು ಬೆರೆತು, ತಗ್ಗುಸ್ವರಗಳಲ್ಲಿ ಅದೇ ಕಾಲವ್ಯತ್ಯಾಸವಾಗಿ ಮಾರ್ಪಡುತ್ತದೆ ಎಂಬುದನ್ನು ಬ್ಲೂಮ್ಲೈನ್ ಗಣಿತದ ಮೂಲಕ ಕಂಡುಕೊಂಡರು. ತೊಡಕೆಂದು ಕಂಡದ್ದೇ ಅವರ ಕೈಯಲ್ಲಿ ಸಾಧನವಾಯಿತು. ಪರಸ್ಪರ ಲಂಬಕೋನದಲ್ಲಿ ಒಂದರ ಮೇಲೊಂದಿಟ್ಟ ಎರಡು ಮೈಕ್ರೊಫೋನ್‌ಗಳ ವಿಧಾನ, ಎರಡು ವಾಹಿನಿಗಳ ಮೊತ್ತ ಮತ್ತು ವ್ಯತ್ಯಾಸಗಳನ್ನು ಬೇರ್ಪಡಿಸಿ ಮತ್ತೆ ಜೋಡಿಸುವ ವಿದ್ಯುನ್ಮಂಡಲ, ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ವಾಹಿನಿಗಳನ್ನು ಕೊರೆಯುವ ಕ್ರಮ ಎಲ್ಲವೂ ಆ ಒಂದೇ ಪೇಟೆಂಟಿನಲ್ಲಿವೆ.

1934ರ ಜನವರಿಯಲ್ಲಿ ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಸರ್ ಥಾಮಸ್ ಬೀಚಮ್ ನಿರ್ದೇಶನದ ಮೊಜಾರ್ಟ್ ಸಿಂಫನಿಯೊಂದರ ವಾದನವನ್ನು ಅವರ ತಂಡ ಈ ವಿಧಾನದಲ್ಲಿ ಮುದ್ರಿಸಿಕೊಂಡಿತು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡದ್ದು ಅದೇ ವರ್ಷ ಎಂಬುದನ್ನು ನೆನೆದರೆ ಈ ಸಾಧನೆಯ ಮುಂಗಾಣ್ಕೆ ಅರಿವಾಗುತ್ತದೆ. 1935ರಲ್ಲಿ ಹೇಯ್ಸ್ ನಿಲ್ದಾಣದಲ್ಲಿ ರೈಲುಗಳು ಓಡಾಡುವ ಕಿರುಚಿತ್ರವನ್ನು ತೆಗೆದು, ಚಿತ್ರದೊಂದಿಗೆ ಸದ್ದೂ ಚಲಿಸುವಂತೆ ಅವರು ಮಾಡಿ ತೋರಿಸಿದರು. ಆದರೆ ಇಎಂಐ ಸಂಸ್ಥೆ ಇದನ್ನು ಮಾರುಕಟ್ಟೆಗೆ ತರಲಿಲ್ಲ. ಸ್ಟೀರಿಯೋ ಎಲ್‌ಪಿ ತಟ್ಟೆಗಳು ವ್ಯಾಪಕವಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ. ಅವುಗಳ ಗೀರಿನ ಕ್ರಮ ಬ್ಲೂಮ್ಲೈನ್ ವಿವರಿಸಿದ್ದ 45 ಡಿಗ್ರಿಯದೇ ಆಗಿತ್ತು. ಅದನ್ನು ನೋಡಲು ಅವರು ಉಳಿದಿರಲಿಲ್ಲ.

ಇಂದಿನ ಮೇಜಿನ ಮೇಲೆ

ಕಂಪ್ಯೂಟರ್ ಆಟಕ್ಕೆ ಸ್ಪೀಕರ್ ಜೋಡಿಸುವವರಿಗೆ ಈ ಹಳೆಯ ಲೆಕ್ಕ ಇಂದಿಗೂ ಉಪಯುಕ್ತ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಸ್ಪೀಕರ್ ಇನ್ನೊಂದಕ್ಕಿಂತ 34 ಸೆಂಟಿಮೀಟರ್ ಹತ್ತಿರವಿದ್ದರೆ ಅದರ ಸದ್ದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮುಂಚೆ ಬರುತ್ತದೆ. ಇಷ್ಟೇ ಸಾಕು, ನಡುವೆ ಕೇಳಬೇಕಾದ ದನಿ ಹತ್ತಿರದ ಸ್ಪೀಕರ್ ಕಡೆಗೆ ವಾಲಿಬಿಡುತ್ತದೆ. ಆದ್ದರಿಂದ ಮುಂದಿನ ಎಡ, ಬಲ ಸ್ಪೀಕರ್‌ಗಳು ಕುರ್ಚಿಯಿಂದ ಸಮಾನ ದೂರದಲ್ಲಿರಬೇಕು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಅವು ನಡುಗೆರೆಯಿಂದ ತಲಾ 30 ಡಿಗ್ರಿ ಕೋನದಲ್ಲಿಯೂ, ಸುತ್ತಲಿನ ಎರಡು ಸ್ಪೀಕರ್‌ಗಳು 100ರಿಂದ 120 ಡಿಗ್ರಿಯ ನಡುವೆಯೂ, ಅಂದರೆ ಕಿವಿಗಳ ಪಕ್ಕಕ್ಕಿಂತ ತುಸು ಹಿಂದೆಯೂ ಇರಬೇಕು. ಕೋಣೆ ಇಕ್ಕಟ್ಟಾಗಿ ಅಂತರ ಹೊಂದದಿದ್ದರೆ, ಅನೇಕ ಉಪಕರಣಗಳಲ್ಲಿರುವ ದೂರದ ಹೊಂದಾಣಿಕೆಯಿಂದ ಹತ್ತಿರದ ಸ್ಪೀಕರ್‌ನ ಸದ್ದನ್ನು ತಡಮಾಡಬಹುದು.

ಕಂಪ್ಯೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು ರಂಧ್ರ ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಬಣ್ಣದ್ದು ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಮೀಸಲು. ತಂತಿ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವಿಂಡೋಸ್‌ನ ಧ್ವನಿ ವಿಭಾಗದಲ್ಲಿ 5.1 ಎಂದು ಆರಿಸಿ, ಒಂದೊಂದೇ ಸ್ಪೀಕರನ್ನು ಪರೀಕ್ಷಿಸಿ, ನಂತರ ಆಟದ ಒಳಗಿನ ಆಯ್ಕೆಯನ್ನೂ ಅದಕ್ಕೆ ಹೊಂದಿಸಬೇಕು. ಇವೆರಡರಲ್ಲಿ ಒಂದು ಸ್ಟೀರಿಯೋ ಆಗಿಯೇ ಉಳಿದರೆ ಹಿಂದಿನ ಸ್ಪೀಕರ್‌ಗಳು ಮೌನವಾಗಿರುತ್ತವೆ, ಇಲ್ಲವೇ ಮುಂದಿನ ಸದ್ದನ್ನೇ ಪುನರುಚ್ಚರಿಸುತ್ತವೆ. 1970ರ ದಶಕದಲ್ಲಿ ಬಂದ ಡಾಲ್ಬಿ ಸ್ಟೀರಿಯೋ ಎರಡೇ ಪಥಗಳಲ್ಲಿ ನಾಲ್ಕು ವಾಹಿನಿಗಳನ್ನು ಅಡಗಿಸಿದಾಗ ನಡುವಿನ ದನಿಗೆ ಮೊತ್ತವನ್ನೂ ಸುತ್ತಲಿನ ದನಿಗೆ ವ್ಯತ್ಯಾಸವನ್ನೂ ಆಧರಿಸಿತು. ಬ್ಲೂಮ್ಲೈನ್ 1931ರಲ್ಲಿ ಬಳಸಿದ್ದ ಗಣಿತದ ಜಾಡು ಇದೇ.

ರಹಸ್ಯದೊಳಗೆ ಮುಗಿದ ಬದುಕು

1930ರ ದಶಕದ ನಡುವಿಗೆ ಇಎಂಐ ತನ್ನ ಶಕ್ತಿಯನ್ನೆಲ್ಲ ಟೆಲಿವಿಷನ್ ಕಡೆಗೆ ಹರಿಸಿತು. 1936ರ ನವೆಂಬರ್ 2ರಂದು ಬಿಬಿಸಿ ಆರಂಭಿಸಿದ ಪ್ರಸಾರದಲ್ಲಿ ಬಳಕೆಯಾದ 405 ಗೆರೆಗಳ ವ್ಯವಸ್ಥೆಯ ಹಿಂದೆ ಬ್ಲೂಮ್ಲೈನ್ ಅವರ ಶ್ರಮ ದೊಡ್ಡದು. ಅಲ್ಪಾಯುಷ್ಯದಲ್ಲಿಯೇ ಅವರ ಹೆಸರಿಗೆ 128 ಪೇಟೆಂಟ್‌ಗಳು ಸಂದವು.

ಎರಡನೇ ಮಹಾಯುದ್ಧದಲ್ಲಿ ಅವರನ್ನು ರೇಡಾರ್ ಸಂಶೋಧನೆಗೆ ಕರೆದುಕೊಳ್ಳಲಾಯಿತು. ಕತ್ತಲಲ್ಲಿಯೂ ಮೋಡದ ಮೇಲಿನಿಂದಲೂ ನೆಲದ ಚಿತ್ರವನ್ನು ವಿಮಾನ ಚಾಲಕರಿಗೆ ತೋರಿಸಬಲ್ಲ ಎಚ್‌2ಎಸ್ ಎಂಬ ರೇಡಾರ್ ಆಗ ಸಿದ್ಧವಾಗುತ್ತಿತ್ತು. 1942ರ ಜೂನ್ 7ರಂದು ಅದರ ಪರೀಕ್ಷೆಗಾಗಿ ಡೆಫರ್ಡ್ ವಾಯುನೆಲೆಯಿಂದ ಹೊರಟ ಹ್ಯಾಲಿಫ್ಯಾಕ್ಸ್ ವಿಮಾನದಲ್ಲಿ ಬ್ಲೂಮ್ಲೈನ್ ಮತ್ತು ಇಎಂಐನ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್, ಫ್ರಾಂಕ್ ಬ್ಲೈದನ್ ಇದ್ದರು. ಬಲಭಾಗದ ಎಂಜಿನ್ನೊಂದರಲ್ಲಿ ಸರಿಯಾಗಿ ಬಿಗಿಯಾಗದ ಒಂದು ನಟ್ಟಿನ ಕಾರಣದಿಂದ ಬೆಂಕಿ ಹೊತ್ತಿಕೊಂಡಿತು. ವೆಲ್ಷ್ ಬಿಕ್ನರ್ ಬಳಿ ವಿಮಾನ ನೆಲಕ್ಕಪ್ಪಳಿಸಿ, ಅದರಲ್ಲಿದ್ದ 11 ಮಂದಿಯೂ ಅಸುನೀಗಿದರು. ಪತ್ನಿ ಡೊರೀನ್ ಮತ್ತು ಇಬ್ಬರು ಎಳೆಯ ಪುತ್ರರನ್ನು ಬ್ಲೂಮ್ಲೈನ್ ಅಗಲಿದರು. ಅವರ ಸಂಗಡಿಗರು ಮುಂದುವರಿಸಿದ ಆ ರೇಡಾರ್ 1943ರ ಜನವರಿಯಲ್ಲಿ ಕಾರ್ಯಾಚರಣೆಗೆ ಇಳಿಯಿತು.

ಹೊಸ ರೇಡಾರಿನ ಸುಳಿವು ಶತ್ರುವಿಗೆ ಸಿಗಬಾರದೆಂದು ಅಪಘಾತದ ಸುದ್ದಿಯನ್ನು ಅದುಮಿಡಲಾಯಿತು. ದೇಶದ ಅಗ್ರಗಣ್ಯ ಇಂಜಿನಿಯರ್ ಒಬ್ಬರ ಸಾವು ಪತ್ರಿಕೆಗಳಲ್ಲಿ ಬಾರದೆ ಹೋಯಿತು. ಏನು ನಡೆಯಿತೆಂಬುದು ವರ್ಷಗಳ ಕಾಲ ಬಹಿರಂಗವಾಗಲಿಲ್ಲ. ಸ್ಟೀರಿಯೋ ಮನೆಮನೆಯ ಮಾತಾದಾಗ ಅದರ ಹಿಂದಿನ ಹೆಸರನ್ನು ನೆನೆಯುವವರು ವಿರಳವಾಗಿದ್ದರು.

ಹೆಸರು ಕಳೆದು ಮತ್ತೆ ದೊರೆಯುವುದೆಂದರೇನೆಂದು ರಾಯಚೂರು ಸೀಮೆಗೆ ಹೇಳಿಕೊಡಬೇಕಿಲ್ಲ. ದೇವಾನಾಂಪ್ರಿಯನೆಂಬ ಬಿರುದಿನ ರಾಜನ ಶಾಸನಗಳು ಉಪಖಂಡದ ಉದ್ದಗಲಕ್ಕೂ ಇದ್ದರೂ, ಆತ ಯಾರೆಂಬುದಕ್ಕೆ ಶಿಲೆಯಲ್ಲಿ ಕೊರೆದ ಸಾಕ್ಷ್ಯ ಸಿಕ್ಕದ್ದು 1915ರಲ್ಲಿ, ಮಸ್ಕಿಯ ಬೆಟ್ಟದಲ್ಲಿ. ಚಿನ್ನದ ಅನ್ವೇಷಣೆಯಲ್ಲಿ ತೊಡಗಿದ್ದ ಬೀಡನ್ ಎಂಬ ಇಂಜಿನಿಯರ್ ಕಂಡ ಆ ಕಿರುಶಾಸನದಲ್ಲಿ ಬಿರುದಿನೊಂದಿಗೆ ಅಶೋಕನ ಹೆಸರೂ ಇತ್ತು. ಕೆಲಸ ಎಲ್ಲೆಡೆ ಹರಡಿಯೂ ಮಾಡಿದಾತನ ಹೆಸರು ಮರೆಯಾಗಿರಬಹುದು. ಯಾರೋ ಹುಡುಕುವವರೆಗೆ ಅದು ಕಾದಿರುತ್ತದೆ.

ಬ್ಲೂಮ್ಲೈನ್ ವಿಷಯದಲ್ಲಿ ಆ ಹುಡುಕಾಟ ನಿಧಾನವಾಗಿ ನಡೆಯಿತು. 1977ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿರುವ ಅವರ ಮನೆಗೆ ಸ್ಮಾರಕ ಫಲಕ ಬಂತು. 1999ರ ನಂತರ ಅವರ ಬಗ್ಗೆ ವಿಸ್ತೃತ ಜೀವನಚರಿತ್ರೆಗಳು ಪ್ರಕಟವಾದವು. 2015ರಲ್ಲಿ ಅಬೇ ರೋಡ್ ಸ್ಟುಡಿಯೋದಲ್ಲಿ ಅವರ ಸಾಧನೆಯನ್ನು ಸಾರುವ ಫಲಕವನ್ನು ಇರಿಸಲಾಯಿತು. 2017ರಲ್ಲಿ, ಸತ್ತು 75 ವರ್ಷಗಳಾಗುವ ಹೊತ್ತಿಗೆ, ಅವರಿಗೆ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಪ್ರಶಸ್ತಿ ಬರುವ ಮೊದಲೂ ಅವರ ಲೆಕ್ಕ ಕೆಲಸ ಮಾಡುತ್ತಲೇ ಇತ್ತು. ಎರಡು ಸ್ಪೀಕರ್‌ಗಳ ನಡುವಿನ ಬರಿಯ ಗಾಳಿಯಲ್ಲಿ ದನಿಯೊಂದು ನೆಲೆ ನಿಂತಂತೆ ಕೇಳಿದಾಗಲೆಲ್ಲ ಅದರಲ್ಲಿ ಹೇಯ್ಸ್ ಪ್ರಯೋಗಾಲಯದ ಆ ಇಂಜಿನಿಯರನ ಪಾಲಿದೆ.