ಅರಸು ಮತ್ತು ವಕೀಲರಿಲ್ಲದ ನ್ಯಾಯಮಂಡಳಿ

ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಯಾವ ಪರೀಕ್ಷೆಗೆ ಓದಿದರೂ ದೇವರಾಜ ಅರಸು ನಮಗೆ ಸಿಗುವುದು ಒಂದು ಅಂಕದ ಪ್ರಶ್ನೆಯಾಗಿ. ಉಳುವವನೇ ಹೊಲದೊಡೆಯ ಕಾನೂನು ಜಾರಿಗೆ ತಂದ ಮುಖ್ಯಮಂತ್ರಿ ಯಾರು? ಹಾವನೂರು ಆಯೋಗ ಯಾರ ಕಾಲದ್ದು? ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಅಧಿಕಾರದಲ್ಲಿ ಇದ್ದವರು ಯಾರು? ಮೂರಕ್ಕೂ ಒಂದೇ ಉತ್ತರ. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿಬಿಡಬಹುದು.

ನಮ್ಮ ಗೋವಿನಕೋವಿ ಕಡೆ ಅಷ್ಟು ಸುಲಭವಾಗಿ ಮುಂದೆ ಹೋಗಲು ಆಗುವುದಿಲ್ಲ. ಇಲ್ಲಿನ ಹಿರಿಯರ ಬಾಯಲ್ಲಿ ಡಿಕ್ಲರೇಷನ್ ಹೊಲ ಎಂಬ ಮಾತು ಇನ್ನೂ ಇದೆ. ಗೇಣಿಗೆ ಮಾಡುತ್ತಿದ್ದ ಜಮೀನು ತನ್ನದಾಗಬೇಕೆಂದು ನಮೂನೆ 7ರಲ್ಲಿ ಅರ್ಜಿ ಹಾಕುವುದಕ್ಕೆ ಜನ ಕೊಟ್ಟ ಹೆಸರು ಡಿಕ್ಲರೇಷನ್. ಆ ಅರ್ಜಿಗಳನ್ನು ವಿಚಾರಿಸಲು ಹುಟ್ಟಿದ್ದು ಭೂ ನ್ಯಾಯಮಂಡಳಿ. ಆ ಮಂಡಳಿಯ ಬಗ್ಗೆ ಕಾನೂನಿನ 48ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಉಪವಿಧಿ ಇತ್ತು. ಅದರ ಪ್ರಕಾರ ಯಾವ ವಕೀಲರೂ ಮಂಡಳಿಯ ಮುಂದೆ ಹಾಜರಾಗುವಂತಿಲ್ಲ. ಯಾವ ಗೈಡ್‌ನಲ್ಲೂ ಈ ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ. ನನಗೆ ಮಾತ್ರ ಅರಸು ಅವರ ಬದುಕಿನಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ.

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಅರಸು ಜನಾಂಗ ಮೈಸೂರು ರಾಜಮನೆತನಕ್ಕೆ ನಂಟಿದ್ದದ್ದು, ಆದರೆ ಸಂಖ್ಯೆಯಲ್ಲಿ ತೀರಾ ಚಿಕ್ಕದು. ಜಾತಿಯ ಮತ ಎಣಿಸಿ ಗೆಲ್ಲುವ ಲೆಕ್ಕ ಅವರಿಗೆ ಎಂದೂ ಸಾಧ್ಯವಿರಲಿಲ್ಲ. ಮೈಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದರು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಅವರೂ ನಮ್ಮಂತೆ ಸೈನ್ಸ್ ಸ್ಟೂಡೆಂಟ್. ಓದು ಮುಗಿದ ಮೇಲೆ ನೌಕರಿ ಹುಡುಕದೆ ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. ಗರಡಿ ಮನೆಯ ಕುಸ್ತಿ ಎಂದರೆ ಪ್ರಾಣ, ಪುಸ್ತಕದ ಹುಚ್ಚೂ ಅಷ್ಟೇ. ತಮ್ಮ ಕೆಂಪರಾಜ ಅರಸು ಸಿನಿಮಾದ ಕಡೆ ಹೋದರೆ ಅಣ್ಣ ರಾಜಕೀಯದ ಕಡೆ ಬಂದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡರು. 1952ರಿಂದ ಹುಣಸೂರಿನ ಶಾಸಕ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರಿಗಿಂತ ಮೊದಲು ಈ ರಾಜ್ಯದ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ, ವೀರೇಂದ್ರ ಪಾಟೀಲ ಇವರೆಲ್ಲ ವಕೀಲಿಕೆಯ ಹಿನ್ನೆಲೆಯವರು. ಆ ಕಾಲದಲ್ಲಿ ಕರಿಕೋಟು ರಾಜಕೀಯದ ಮೆಟ್ಟಿಲೇ ಆಗಿತ್ತು. ಅರಸು ಆ ಮೆಟ್ಟಿಲು ಹತ್ತಿ ಬಂದವರಲ್ಲ. ಹೊಲದ ಬದುವಿನ ಕಡೆಯಿಂದ ಬಂದವರು. ಇದರಿಂದಲೇ ಅವರು ವಕೀಲರನ್ನು ಹೊರಗಿಟ್ಟರು ಎಂದು ನಾನು ಹೇಳುವುದಿಲ್ಲ, ಅದು ತೀರಾ ಸುಲಭದ ವಿವರಣೆ. ಮಂಜಪ್ಪನವರೂ ವಕೀಲರೇ, ನಮ್ಮ ಶಿವಮೊಗ್ಗ ಸೀಮೆಯವರೇ. ಗೇಣಿದಾರರ ಪರ ಮೊದಲು ದುಡಿದವರಲ್ಲಿ ಅವರ ಹೆಸರು ದೊಡ್ಡದು.

ಹೊನ್ನಾಳಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಗೇಣಿದಾರರು ತಿರುಗಿಬಿದ್ದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಅದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಮಾರನೇ ವರ್ಷ ಮೈಸೂರು ಗೇಣಿ ಕಾಯ್ದೆ ಬಂತು. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಪಾಸಾಗಿ 1965ರಲ್ಲಿ ಜಾರಿಯಾಯಿತು. ಕಾಗದದ ಮೇಲೆ ಗೇಣಿದಾರನಿಗೆ ಹಕ್ಕು ಆಗಲೇ ಇತ್ತು. ಆದರೆ ಹಕ್ಕು ಕೇಳುವವನು ಹೋಗಬೇಕಾದದ್ದು ಮುನ್ಸಿಫ್ ಕೋರ್ಟಿನ ದಾರಿಯಲ್ಲಿ. ಅಲ್ಲಿ ವಕಾಲತ್ತು, ವಾಯಿದೆ, ಮೇಲೆ ಅಪೀಲು. ಗೇಣಿ ಬಹುಪಾಲು ಬಾಯಿಮಾತಿನದು. ಪಹಣಿಯಲ್ಲಿ ಗೇಣಿದಾರನ ಹೆಸರು ಬರದಂತೆ ನೋಡಿಕೊಳ್ಳುವುದು ಜಮೀನ್ದಾರರಿಗೆ ಕಷ್ಟವೇನಲ್ಲ. ಒಂದು ಕಡೆ ಪೇಟೆಯ ದೊಡ್ಡ ವಕೀಲರು, ಇನ್ನೊಂದು ಕಡೆ ಬಸ್ ಚಾರ್ಜಿಗೂ ಸಾಲ ಮಾಡಿ ಬಂದ ಮನುಷ್ಯ. ಫಲಿತಾಂಶ ಏನಾಗುತ್ತದೆ ಎಂದು ಊಹಿಸಲು ಕಾನೂನು ಓದಬೇಕಿಲ್ಲ.

1972ರ ಚುನಾವಣೆಯಲ್ಲಿ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದಿತು. ಸ್ವತಃ ಅರಸು ಆ ಚುನಾವಣೆಗೆ ನಿಂತಿರಲಿಲ್ಲ. ಮಾರ್ಚ್ 20ರಂದು ಮುಖ್ಯಮಂತ್ರಿಯಾಗಿ, ಆಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದರು. ಅವರ ಸರ್ಕಾರ ತಂದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನವೇ ಸರ್ಕಾರಕ್ಕೆ ಸೇರಿತು. ಇನ್ನು ಅದು ಗೇಣಿದಾರನಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಭೂ ನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಸಿವಿಲ್ ಕೋರ್ಟುಗಳು ಈ ವಿಷಯಕ್ಕೆ ಕೈ ಹಾಕುವಂತಿಲ್ಲ. ಮಂಡಳಿಯ ತೀರ್ಪಿನ ಮೇಲೆ ಅಪೀಲು ಇಲ್ಲ, ಬೇಕಿದ್ದರೆ ಹೈಕೋರ್ಟಿಗೆ ರಿಟ್ ಹಾಕಬೇಕು. ವಕೀಲರಿಗಂತೂ ಒಳಗೆ ಜಾಗವೇ ಇಲ್ಲ.

ಎಂಜಿನಿಯರಿಂಗ್ ಓದುವವನ ಕಣ್ಣಿಗೆ ಇದು ಡಿಸೈನ್ ಬದಲಾವಣೆಯಂತೆ ಕಾಣುತ್ತದೆ. ಗುರಿ ಹಳೆಯದೇ. ಅರಸು ಸರ್ಕಾರ ಬದಲಿಸಿದ್ದು ನ್ಯಾಯ ಕೇಳುವ ಕೋಣೆಯನ್ನು, ಆ ಕೋಣೆಯೊಳಗೆ ಯಾರು ಮಾತಾಡಬೇಕು ಎಂಬುದನ್ನು.

ಆ ಕೋಣೆ ಹೇಗಿತ್ತು ಎಂದು ನಮ್ಮಜ್ಜನನ್ನು ಕೇಳಿದ್ದೇನೆ. ಅಜ್ಜ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ತಮ್ಮ ಅಪ್ಪನ ಜೊತೆ, ಅಂದರೆ ನನ್ನ ಮುತ್ತಜ್ಜನ ಜೊತೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊನ್ನಾಳಿಗೆ ಹೋಗಿದ್ದರಂತೆ. ಮುತ್ತಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ, ಅರ್ಜಿಗೆ ಹೆಬ್ಬೆಟ್ಟು. ಜಮೀನಿನವರ ಕಡೆಯಿಂದ ಓದಿದ ಮಗ ಬಂದಿದ್ದ, ಕೈಯಲ್ಲಿ ಕಾಗದದ ಕಟ್ಟು. ಕಾಗದ ನೋಡಿದ ಮೇಲೆ ಸದಸ್ಯರೊಬ್ಬರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರಂತೆ. ಹೊಲದ ಮೂಡಣ ದಿಕ್ಕಿಗೆ ಏನಿದೆ, ಹೋದ ವರ್ಷ ಏನು ಬಿತ್ತಿದ್ದಿರಿ, ಪಕ್ಕದ ಹೊಲ ಯಾರದು. ಮುತ್ತಜ್ಜ ಹಳ್ಳದ ತಿರುವು, ಹುಣಸೆಮರ, ಬದುವಿನ ಕಲ್ಲು ಎಲ್ಲ ಹೇಳಿದರು. ಆ ಕಡೆಯವನಿಗೆ ಹುಣಸೆಮರ ಇರುವುದೇ ಗೊತ್ತಿರಲಿಲ್ಲ. ಅಜ್ಜ ಇದನ್ನು ಹೇಳುವಾಗ ಹುಣಸೆಮರದ ಹತ್ತಿರ ಬಂದಾಗ ಪ್ರತಿ ಸಲ ನಗುತ್ತಾರೆ. ಕಥೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬೆಳೆದಿರಲೂಬಹುದು. ಆದರೆ ಹೊಲ ನಮ್ಮದಾಗಿದೆ, ನನ್ನ ಕಾಲೇಜು ಫೀಸು ಅದರ ಮೆಕ್ಕೆಜೋಳದಿಂದಲೇ ಹೋಗುತ್ತದೆ.

ರಾಜ್ಯದಲ್ಲಿ ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅರ್ಜಿ ಹಾಕುವ ಗಡುವನ್ನು 1979ರ ಜೂನ್ 30ರವರೆಗೂ ಹಿಗ್ಗಿಸಲಾಯಿತು. ಕರಾವಳಿ, ಮಲೆನಾಡಿನಲ್ಲಿ ಗೇಣಿ ಹೆಚ್ಚಿದ್ದರಿಂದ ಲಾಭವೂ ಅಲ್ಲೇ ಹೆಚ್ಚು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ ಈ ಕಾನೂನಿನಿಂದ ಸಿಕ್ಕಿದ್ದು ತೀರಾ ಕಡಿಮೆ, ಅವರಲ್ಲಿ ಬಹಳಷ್ಟು ಮಂದಿ ದಲಿತರು. ಇದನ್ನು ಬಿಟ್ಟು ಅರಸು ಅವರನ್ನು ಹೊಗಳುವುದು ಸರಿಯಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಮಂಡಳಿಗಳು ಚುರುಕಾಗಿ ಕೆಲಸ ಮಾಡಿದ ವರ್ಷಗಳಲ್ಲಿ 1975ರಿಂದ 77ರ ತುರ್ತು ಪರಿಸ್ಥಿತಿಯೂ ಸೇರಿದೆ. ಕೋರ್ಟುಗಳ ಬಾಯಿ ಕಟ್ಟಿದ ಕಾಲ ಅದು. ಅಪೀಲಿಲ್ಲದ, ವಕೀಲರಿಲ್ಲದ, ಸರ್ಕಾರವೇ ಸದಸ್ಯರನ್ನು ಆರಿಸುವ ಮಂಡಳಿ ನಮ್ಮ ಮುತ್ತಜ್ಜನಿಗೆ ನ್ಯಾಯ ಕೊಟ್ಟಿತು. ಅದೇ ಮಂಡಳಿ ಬೇರೆಯವರ ಕೈಗೆ ಸಿಕ್ಕರೆ? ಒಬ್ಬ ವಿಧವೆಯ ಎರಡೆಕರೆಯನ್ನು ಪಕ್ಷದ ಕಾರ್ಯಕರ್ತನೊಬ್ಬ ತಾನು ಗೇಣಿದಾರನೆಂದು ಕೇಳಿದ್ದರೆ, ಆಕೆಯ ಪರ ಮಾತಾಡುವವರು ಯಾರು? ಎಲ್‌ಎಲ್‌ಬಿ ಓದುತ್ತಿರುವ ನನ್ನ ಗೆಳತಿ ಈ ಪ್ರಶ್ನೆ ಹಾಕಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ.

ವಿಚಿತ್ರವೆಂದರೆ ಅರಸು ಅವರೇ ಸ್ವಲ್ಪ ದಿನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವರ ಮೇಲಿನ ಆರೋಪಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಗ್ರೋವರ್ ಅವರ ಆಯೋಗ ನೇಮಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿತು, ದೊಡ್ಡ ದೊಡ್ಡ ವಕೀಲರು ವಾದಿಸಿದರು, ರಾಜ್ಯ ಸೋತಿತು. ಕೆಲವು ಆರೋಪಗಳಲ್ಲಿ ಹುರುಳಿದೆ ಎಂದು ಆಯೋಗ ಹೇಳಿತು. ವರ್ಷದ ಕೊನೆಯ ದಿನ ಅವರ ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು. 1978ರ ಫೆಬ್ರವರಿ 28ಕ್ಕೆ ಮತ್ತೆ ಮುಖ್ಯಮಂತ್ರಿ. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಲೋಕಸಭೆಗೆ ಗೆದ್ದರು. ಮರುವರ್ಷ ಅದೇ ಇಂದಿರಾ ಜೊತೆ ಜಗಳವಾಗಿ ಪಕ್ಷದಿಂದ ಹೊರಬಿದ್ದರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ನೆಲಕಚ್ಚಿತು, ಜನವರಿ 12ಕ್ಕೆ ಕುರ್ಚಿಯೂ ಹೋಯಿತು. 1982ರ ಜೂನ್ 6ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ.

ವಕೀಲರನ್ನು ಹೊರಗಿಟ್ಟ ಆ ಉಪವಿಧಿ ಅವರಿಗಿಂತ ಐದು ವರ್ಷ ಹೆಚ್ಚು ಬದುಕಿತು. 1987ರಲ್ಲಿ ಸುಪ್ರೀಂ ಕೋರ್ಟು ಭೂ ಸುಧಾರಣೆಯ ಉಳಿದ ಭಾಗವನ್ನು ಎತ್ತಿಹಿಡಿದು ಇದೊಂದನ್ನು ರದ್ದು ಮಾಡಿತು. ಕಾರಣ ಸರಳ. ವಕೀಲಿಕೆ ಮಾಡುವ ಹಕ್ಕು ಸಂಸತ್ತಿನ 1961ರ ವಕೀಲರ ಕಾಯ್ದೆಯಿಂದ ಬಂದದ್ದು, ರಾಜ್ಯದ ಶಾಸನಸಭೆ ಅದಕ್ಕೆ ಕೈ ಹಾಕುವಂತಿಲ್ಲ.

ಬಿಇಯಲ್ಲಿ ನಮಗೆ ಭಾರತದ ಸಂವಿಧಾನ ಎಂಬ ಒಂದು ಪೇಪರ್ ಇದೆ. ಪಾಸಾದರೆ ಸಾಕು ಎಂದು ಎಲ್ಲರೂ ಓದುವ ಪೇಪರ್. ಅದರಲ್ಲಿ 39ಎ ವಿಧಿ ಬರುತ್ತದೆ: ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು. ಇದು ಸಂವಿಧಾನ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ಅಂದರೆ ನಮ್ಮ ಕಡೆ ಭೂ ನ್ಯಾಯಮಂಡಳಿಗಳು ಬಿರುಸಾಗಿ ಕೂರುತ್ತಿದ್ದ ಹೊತ್ತಿಗೇ. ಒಂದೇ ರೋಗಕ್ಕೆ ಒಂದೇ ಕಾಲದಲ್ಲಿ ಎರಡು ಮದ್ದು. ಅರಸು ಅವರ ಕಾನೂನು ಉಳ್ಳವನ ವಕೀಲನನ್ನು ಹೊರಗೆ ಕಳಿಸಿತು, 39ಎ ಇಲ್ಲದವನಿಗೂ ಒಬ್ಬ ವಕೀಲನನ್ನು ಕೊಡುತ್ತೇನೆ ಎಂದಿತು. ಎರಡನೆಯದು ನಿಜವಾಗಿ ಜಾರಿಗೆ ಬರಲು ಬಹಳ ಕಾಲ ಬೇಕಾಯಿತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪಾಸಾದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ಕ್ಕೆ. ನಮ್ಮ ಮುತ್ತಜ್ಜ ಅಲ್ಲಿಯವರೆಗೆ ಕಾಯಬೇಕಿದ್ದರೆ ಹೊಲ ಸಿಗುತ್ತಿತ್ತೇ ಎಂದು ನಾನು ಗೆಳತಿಗೆ ತಿರುಗಿ ಕೇಳಿದೆ. ಅದಕ್ಕೆ ಅವಳ ಬಳಿಯೂ ಉತ್ತರವಿರಲಿಲ್ಲ.

ಈಗ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮನೆಯಲ್ಲಿ ಜಮೀನಿನ ವ್ಯಾಜ್ಯ ಇರುವ ಗೆಳೆಯರು ಇದನ್ನು ತಿಳಿದಿರಲಿ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅರಸು ಅವರ ಯೋಚನೆಯೂ ಪೂರ್ತಿ ಸತ್ತಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಇಂದಿಗೂ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಈಚೆಗೆ ನಮ್ಮ ವಿಧಾನಸಭೆಯಲ್ಲಿ ಸಣ್ಣ ರೈತರ, ಬಡವರ ದಾವೆಗಳನ್ನು ಮೊದಲು ಮುಗಿಸಬೇಕೆಂಬ ತಿದ್ದುಪಡಿ ಬಂದಾಗ ನನಗೆ ನೆನಪಾದದ್ದು ಹುಣಸೂರಿನ ಆ ಬಿಎಸ್ಸಿ ಪದವೀಧರನೇ.

ಭೂ ನ್ಯಾಯಮಂಡಳಿಗಳ ಕೆಲಸ ಇನ್ನೂ ಮುಗಿದಿಲ್ಲ. ಹೈಕೋರ್ಟು ಮತ್ತೆ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸಿದ ನಮೂನೆ 7ರ ಅರ್ಜಿಗಳು ರಾಜ್ಯದ ಕೆಲವು ತಾಲ್ಲೂಕುಗಳಲ್ಲಿ ಈಗಲೂ ಉಳಿದಿವೆ. ಅರ್ಜಿ ಹಾಕಿದವರು ಹೋಗಿ ಮೊಮ್ಮಕ್ಕಳು ಹಾಜರಾಗುತ್ತಿದ್ದಾರೆ, ಈಗ ಎರಡೂ ಕಡೆ ವಕೀಲರನ್ನು ಕರೆದುಕೊಂಡು.