ಸ್ಪರ್ಧೆಯಲ್ಲಿ ಸೋತ ಹಾಕ್, ಬೆಂಗಳೂರಿಗೆ ಬಂದ ಹಾಕ್

ಮಕ್ಕಳೇ, 1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಿಸಿದ ಒಂದು ಯುದ್ಧವಿಮಾನ ಆಕಾಶಕ್ಕೇರಿತು. ಅದರ ಹೆಸರು ಕರ್ಟಿಸ್ ಹಾಕ್. ಅದು ರೂಪುಗೊಂಡದ್ದು ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ. ನೂರಾರು ಸಂಖ್ಯೆಯಲ್ಲಿ ತಯಾರಾಗಿ ಹಲವು ದೇಶಗಳ ಸೇನೆ ಸೇರಿದ ಈ ವಿಮಾನ ತನ್ನ ಮೊದಲ ದೊಡ್ಡ ಸ್ಪರ್ಧೆಯಲ್ಲಿ ಸೋತಿತ್ತು. ಸೋತದ್ದು ಉಳಿದು ಬೆಳೆದದ್ದು ಹೇಗೆ ಎಂಬುದನ್ನು ಯೋಚಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪ್ರಯೋಗದ ವಿಮಾನವೊಂದು ಸೋತಾಗ ಅದನ್ನು ಇಡಿಯಾಗಿ ತಳ್ಳಿಹಾಕಬಾರದು. ಯಾವ ಭಾಗ ಸೋತಿತು, ಯಾವ ಭಾಗ ಸರಿಯಾಗಿದೆ ಎಂದು ಬಿಡಿಸಿ ನೋಡಬೇಕು. ಆದರೆ ಬಿಡಿಸಿ ನೋಡುವ ಜಾಣತನವಷ್ಟೇ ಸಾಲದು. ಸೋತ ಭಾಗದ ಬದಲಿಗೆ ಬೇರೊಂದನ್ನು ತಂದು ಕೂರಿಸುವ ಅನುಕೂಲವೂ ಆ ನಾಡಿನಲ್ಲಿರಬೇಕು.

1935ರಲ್ಲಿ ಅಮೆರಿಕದ ಸೇನೆ ಬಳಸುತ್ತಿದ್ದ ಬೋಯಿಂಗ್ ಪಿ-26 ವಿಮಾನದಲ್ಲಿ ಪೈಲಟ್ ಗಾಳಿಗೆ ಮುಖವೊಡ್ಡಿ ಕೂರಬೇಕಿತ್ತು. ಅದರ ಚಕ್ರಗಳು ಹಾರುವಾಗಲೂ ಕೆಳಗೇ ಇರುತ್ತಿದ್ದವು. ಇದಕ್ಕಿಂತ ಮುಂದುವರಿದ ವಿಮಾನ ಬೇಕೆಂದು ಸೇನೆ ಸ್ಪರ್ಧೆ ಕರೆಯಿತು. ಕರ್ಟಿಸ್-ರೈಟ್ ಸಂಸ್ಥೆಯಲ್ಲಿ ಡೊನೊವನ್ ಬರ್ಲಿನ್ ಎಂಬ ವಿನ್ಯಾಸಕಾರರು ಮಾಡೆಲ್ 75 ಎಂಬ ಹೊಸ ವಿಮಾನ ರೂಪಿಸಿದರು. ಪೂರ್ತಿ ಲೋಹದ ಮೈ, ದೇಹದ ಕೆಳಭಾಗದಲ್ಲಿ ಒಂದೇ ಜೋಡಿ ರೆಕ್ಕೆ, ಗಾಜಿನ ಮುಚ್ಚಳವಿರುವ ಕಾಕ್‌ಪಿಟ್, ಹಿಂದಕ್ಕೆ ಮಡಚಿಕೊಂಡು ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುವ ಚಕ್ರಗಳು. ಗಾಳಿಯ ತಡೆ ಕಡಿಮೆಯಾದಷ್ಟೂ ಅದೇ ಎಂಜಿನ್‌ನಿಂದ ಹೆಚ್ಚು ವೇಗ ಸಿಗುತ್ತದೆ. ಚಕ್ರ ಒಳಗೆ ಹೋಗುವುದೂ ಕಾಕ್‌ಪಿಟ್ ಮುಚ್ಚಿರುವುದೂ ಅದಕ್ಕಾಗಿಯೇ. 1935ರ ಮೇ ತಿಂಗಳಲ್ಲಿ ಈ ವಿಮಾನ ಮೊದಲ ಬಾರಿಗೆ ಹಾರಿತು.

ತೊಂದರೆ ಬಂದದ್ದು ಎಂಜಿನ್‌ನಿಂದ. 900 ಅಶ್ವಶಕ್ತಿ ಕೊಡಬೇಕಿದ್ದ ರೈಟ್ ಕಂಪನಿಯ ಹೊಸ ಎಂಜಿನ್ ನಂಬಿಕೆಗೆ ಅರ್ಹವಾಗಿರಲಿಲ್ಲ. ಅದನ್ನು ಕಿತ್ತು ಬೇರೆ ಎಂಜಿನ್ ಕೂರಿಸಿದರು. ಅದರಲ್ಲೂ ಬೇಕಾದಷ್ಟು ಬಲ ಇರಲಿಲ್ಲ. 1936ರ ಅಂತಿಮ ಪರೀಕ್ಷೆಯಲ್ಲಿ ವಿಮಾನ ಗಂಟೆಗೆ ಸುಮಾರು 285 ಮೈಲಿ ವೇಗದಲ್ಲೇ ನಿಂತಿತು. ಸೆವರ್‌ಸ್ಕಿ ಕಂಪನಿಯ ವಿಮಾನ ಗೆದ್ದು 77 ವಿಮಾನಗಳ ಬೇಡಿಕೆ ಪಡೆಯಿತು. ಆದರೂ ಸೇನೆ ಕರ್ಟಿಸ್ ವಿಮಾನವನ್ನು ಕೈಬಿಡಲಿಲ್ಲ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್ ಹಾಕಿದ ಮೂರು ವಿಮಾನಗಳನ್ನು ಪರೀಕ್ಷೆಗಾಗಿ ತರಿಸಿಕೊಂಡಿತು. ಮೈಕಟ್ಟು ಹೆಚ್ಚುಕಡಿಮೆ ಅದೇ, ಎಂಜಿನ್ ಬೇರೆ, ಫಲಿತಾಂಶವೂ ಬೇರೆಯಾಯಿತು. 1937ರ ಜುಲೈಯಲ್ಲಿ ಸೇನೆ ಪಿ-36 ಎಂಬ ಹೆಸರಿನಲ್ಲಿ 210 ವಿಮಾನಗಳನ್ನು ಕೊಳ್ಳಲು ಒಪ್ಪಿತು. ಸೋತದ್ದು ಎಂಜಿನ್, ಬರ್ಲಿನ್ ಕಟ್ಟಿದ ಮೈಯಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ. ಯುದ್ಧ ಹತ್ತಿರ ಬರುತ್ತಿತ್ತು, ವಿಮಾನ ಎಂದರೆ ಸಾಕು, ಎಲ್ಲರೂ ಕೊಳ್ಳುತ್ತಿದ್ದರು, ಇದರಲ್ಲಿ ವಿನ್ಯಾಸದ ಹೆಚ್ಚುಗಾರಿಕೆ ಏನು ಎಂದು ಕೇಳಬಹುದು. ಯುದ್ಧದ ಭಯ ಬೇಡಿಕೆಯನ್ನು ಹೆಚ್ಚಿಸಿತು, ನಿಜ. 1940ರ ಹೊತ್ತಿಗೆ ಜರ್ಮನಿಯ ಮೆಸರ್‌ಶ್ಮಿಟ್ ವಿಮಾನದ ವೇಗಕ್ಕೆ ಹಾಕ್ ಸಾಟಿಯಾಗಿರಲಿಲ್ಲ ಎಂಬುದೂ ನಿಜ. ಆದರೆ ಬೇಡಿಕೆ ಕೊಟ್ಟ ಮಾತ್ರಕ್ಕೆ ದುರ್ಬಲ ವಿಮಾನ ಗಟ್ಟಿಯಾಗುವುದಿಲ್ಲ. ಫ್ರಾನ್ಸ್ ಕೊಂಡ ಹಾಕ್‌ಗಳು 1939ರ ಸೆಪ್ಟೆಂಬರ್ 8ರಂದೇ ಮೆಸರ್‌ಶ್ಮಿಟ್‌ಗಳನ್ನು ಹೊಡೆದುರುಳಿಸಿದ್ದವು. ಬಿಗಿಯಾಗಿ ತಿರುಗುವುದರಲ್ಲಿ ಹಾಕ್ ಮುಂದಿತ್ತು. ವೇಗದ ಕೊರತೆ ನೀಗಿಸಲು ಮತ್ತೆ ಅದೇ ದಾರಿ ಹಿಡಿದರು. ಪಿ-36ರ ಮೈಗೆ ಆಲಿಸನ್ ಕಂಪನಿಯ ದ್ರವದಿಂದ ತಣಿಯುವ ಎಂಜಿನ್ ಜೋಡಿಸಿ 1938ರ ಅಕ್ಟೋಬರ್‌ನಲ್ಲಿ ಹಾರಿಸಿದರು. ಹಾಗೆ ಹುಟ್ಟಿದ ಪಿ-40 ವಿಮಾನಗಳು 13,000ಕ್ಕೂ ಹೆಚ್ಚು ತಯಾರಾದವು. ಒಂದು ಮೈಕಟ್ಟು ಇಷ್ಟು ಬಾರಿ ಎಂಜಿನ್ ಬದಲಿಸಿಕೊಂಡೂ ನಿಂತಿತೆಂದರೆ ಅದು ಅದೃಷ್ಟದ ಮಾತಲ್ಲ.

ಈಗ ಬೆಂಗಳೂರಿಗೆ ಬರೋಣ. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಮುಂದೆ ಎಚ್‌ಎಎಲ್ ಎಂದು ಹೆಸರಾದದ್ದು ಇದೇ ಸಂಸ್ಥೆ. ಅಲ್ಲಿ ಮೊದಲು ಹಾರ್ಲೊ ಎಂಬ ತರಬೇತಿ ವಿಮಾನ, ಬಳಿಕ ಹಾಕ್ ಜೋಡಣೆಯಾದವು. ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸಿದ್ದನ್ನು ತಯಾರಿಕೆ ಎನ್ನಬಹುದೇ ಎಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಜೋಡಿಸಿದ ಹಾಕ್‌ಗಳು ಬೆರಳೆಣಿಕೆಯಷ್ಟು, ವಿನ್ಯಾಸ ನಮ್ಮದಲ್ಲ. ಆದರೆ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸುವುದು, ಅಳತೆ ಕೂದಲೆಳೆಯಷ್ಟೂ ತಪ್ಪದಂತೆ ನೋಡುವುದು, ಹಾರುವ ಮೊದಲು ಪ್ರತಿ ಕೀಲನ್ನೂ ತಪಾಸಣೆ ಮಾಡುವುದು ಕೈಯಾರೆ ಮಾಡಿಯೇ ಕಲಿಯಬೇಕಾದ ವಿದ್ಯೆ. ಆ ವಿದ್ಯೆ ಬೇರೂರಿದ ಕಾರ್ಖಾನೆಯಲ್ಲೇ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಅದೇ ಬೆಂಗಳೂರಿನಲ್ಲಿ 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ನನ್ನ ವಾದದ ಇನ್ನೊಂದು ಮುಖ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಭಾರತೀಯ ಎಂಜಿನಿಯರುಗಳೊಂದಿಗೆ ಅದನ್ನು ರೂಪಿಸಿದರು. ಶಬ್ದದ ಎರಡು ಪಟ್ಟು ವೇಗ ಅದರ ಗುರಿಯಾಗಿತ್ತು. ಅದಕ್ಕೆ ಬೇಕಾದ ಬಲವಾದ ಎಂಜಿನ್ ಕೊನೆಗೂ ದೊರೆಯಲಿಲ್ಲ. ಕಡಿಮೆ ಬಲದ ಆರ್ಫಿಯಸ್ ಎಂಜಿನ್‌ಗಳಲ್ಲೇ ಹಾರಿ, 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿತಾದರೂ ಆ ವೇಗವನ್ನು ಮುಟ್ಟಲಾಗಲಿಲ್ಲ. ಹಾಕ್‌ಗೆ ಒಂದು ಎಂಜಿನ್ ಕೈಕೊಟ್ಟಾಗ ಇನ್ನೊಂದನ್ನು ಕೊಡಲು ಅಮೆರಿಕದಲ್ಲೇ ರೈಟ್, ಪ್ರಾಟ್ ಅಂಡ್ ವಿಟ್ನಿ, ಆಲಿಸನ್ ಕಂಪನಿಗಳಿದ್ದವು. ಮಾರುತ್‌ಗೆ ಆ ಭಾಗ್ಯ ಇರಲಿಲ್ಲ. ವಿನ್ಯಾಸಕಾರರ ಪ್ರತಿಭೆಯಲ್ಲಿ ಕೊರತೆ ಇತ್ತೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೊರತೆ ಇದ್ದದ್ದು ಎಂಜಿನ್ ಕಟ್ಟುವ ಉದ್ಯಮದಲ್ಲಿ. ರಜೆಗೆ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2, ಮಾರುತ್ ಎರಡನ್ನೂ ನೋಡಿ. ಎಷ್ಟು ವೇಗವಾಗಿ ಹಾರುತ್ತಿತ್ತು ಎಂದಷ್ಟೇ ಕೇಳಿ ಮುಂದೆ ಹೋಗಬೇಡಿ. ಎಂಜಿನ್ ಯಾರದ್ದು, ಅದು ಸಾಲದಾದಾಗ ಬೇರೆ ದಾರಿ ಇತ್ತೇ ಎಂದೂ ಕೇಳಿ. ನಿಮ್ಮಲ್ಲಿ ಯಾರಾದರೂ ನಾಳೆ ಎಂಜಿನಿಯರ್ ಆದರೆ, ಉತ್ತರ ಕಟ್ಟಬೇಕಾದ ಪ್ರಶ್ನೆ ಇದೇ.